ಸಾಲಕ್ಕೆ ಹೆದರಿ ಊರು ಬಿಡುವ ಮುನ್ನ

ಸಾವಿರಾರು ಕೋಟಿ ಸಾಲ ಮಾಡಿ ಮುಳುಗಿದ ಕಂಪನಿಗೆ ನಮ್ಮ ದೇಶದಲ್ಲಿ 2016ರ ಕಾಯ್ದೆ ಇದೆ. ಅದಕ್ಕೆಂದೇ ನ್ಯಾಯಮಂಡಳಿ, ಅದಕ್ಕೆಂದೇ ನೋಂದಾಯಿತ ವೃತ್ತಿಪರರು, ದಿನ ಎಣಿಸಿ ಹಾಕಿದ ಗಡುವು. ತಿಪಟೂರಿನಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಆರು ಲಕ್ಷದ ಸಾಲಕ್ಕೆ ಸಿಕ್ಕಿಕೊಂಡ ದರ್ಜಿಗೆ ಮಾತ್ರ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಐನೂರು ರೂಪಾಯಿ ಸಾಲವಿದ್ದರೆ ಅರ್ಜಿ ಹಾಕಬಹುದು ಎನ್ನುತ್ತದೆ ಅದು. ದಿವಾಳಿಯಾದವನ ಆಸ್ತಿ ಹಂಚುವಾಗ ಅವನ ಗುಮಾಸ್ತ, ಆಳುಕಾಳುಗಳ ಬಾಕಿ ಸಂಬಳಕ್ಕೆ ಮೊದಲ ಮಣೆ ಹಾಕುತ್ತದೆ, ಆದರೆ ಒಟ್ಟು ಇಪ್ಪತ್ತು ರೂಪಾಯಿ ಮೀರದಂತೆ. ಇಪ್ಪತ್ತು ರೂಪಾಯಿಗೆ ಈಗ ದರ್ಶಿನಿಯಲ್ಲಿ ಒಂದು ಕಾಫಿ ಬರುತ್ತದೆ.

ಕೋರ್ಟಿನ ಆವರಣದಲ್ಲಿ ‘ಐಪಿ ಹಾಕೋದು’ ಅನ್ನುವುದು, ಹಳಬರು ‘ಪಾಪರ್ ಚೀಟಿ ತಗೊಂಡ’ ಅನ್ನುವುದು ಈ ಕಾಯ್ದೆಯ ದಿವಾಳಿ ಅರ್ಜಿಯನ್ನೇ, ಅಂದರೆ ಇನ್‌ಸಾಲ್ವೆನ್ಸಿ ಪಿಟಿಷನ್. ಕೇಳಿದವರಿಗೆ ಏನೋ ಮೋಸದ ವಾಸನೆ ಬರುತ್ತದೆ. ಹಾಗಾಗಿ ಮರ್ಯಾದಸ್ಥರು ಅತ್ತ ತಲೆ ಹಾಕುವುದಿಲ್ಲ. ಬದಲಿಗೆ ಒಂದು ಬೆಳಗ್ಗೆ ಅಂಗಡಿಯ ಷಟರ್ ಮೇಲೇಳುವುದಿಲ್ಲ, ಫೋನ್ ಸ್ವಿಚ್ ಆಫ್ ಆಗಿರುತ್ತದೆ, ಹತ್ತು ಗಂಟೆಯ ಹೊತ್ತಿಗೆ ಬಾಗಿಲ ಮುಂದೆ ನಾಲ್ಕು ಜನ ಸೇರಿರುತ್ತಾರೆ. 2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ಕಂತಿಗೆ ಹೆದರಿ ಮನೆಗೆ ಬೀಗ ಹಾಕಿ ಹೋದ ಕುಟುಂಬಗಳ ಸುದ್ದಿ ದಿನವೂ ಬಂತು. ಜೀವ ಕಳೆದುಕೊಂಡವರ ಸುದ್ದಿಯೂ ಬಂತು. ಕಾನೂನು ತಮಗೆ ಏನು ಕೊಟ್ಟಿದೆ, ಏನು ಕೊಟ್ಟಿಲ್ಲ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಯಾರೂ ಹೇಳಿರಲಾರರು. ನನ್ನ ತಕರಾರು ಇರುವುದು ಅಲ್ಲೇ.

ದರ್ಜಿಯ ಲೆಕ್ಕದ ಹಾಳೆ

ಆ ದರ್ಜಿಯ ಲೆಕ್ಕವನ್ನೇ ಬಿಡಿಸಿ ನೋಡೋಣ. ವ್ಯಕ್ತಿ ಕಲ್ಪನೆಯವನು, ಲೆಕ್ಕ ಮಾತ್ರ ಊರೂರಿನದು. ಬ್ಯಾಂಕಿನಲ್ಲಿ ಹೆಂಡತಿಯ ಒಡವೆ ಇಟ್ಟು ತಂದದ್ದು 1,20,000. ಕ್ರೆಡಿಟ್ ಕಾರ್ಡಿನಲ್ಲಿ ಒಂದು ಲಕ್ಷ. ಹೆಂಡತಿಯ ಹೆಸರಲ್ಲಿ ಎರಡು ಸಂಘದ ಸಾಲ, ಸೇರಿ ಒಂದು ಲಕ್ಷ. ಬೈಕಿನ ಸಾಲ 70,000. ಮಂಡಿಯವರೊಬ್ಬರ ಹತ್ತಿರ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ಎರಡು ಲಕ್ಷ. ಭಾವಮೈದ ಬಡ್ಡಿಯಿಲ್ಲದೆ ಕೊಟ್ಟ 50,000. ಒಟ್ಟು 6,40,000.

ಅಂಗಡಿ ಬಾಡಿಗೆ ಕಳೆದು ಕೈಗೆ ಬರುವುದು ತಿಂಗಳಿಗೆ 28,000. ಅದರಲ್ಲಿ ಕೈಸಾಲದ ಬಡ್ಡಿ 6,000, ಕಾರ್ಡಿನ ಕನಿಷ್ಠ ಪಾವತಿ 5,000, ಸಂಘದ ವಾರದ ಕಂತುಗಳು ಸೇರಿ 7,500, ಬೈಕಿಗೆ 3,200. ಅಲ್ಲಿಗೆ 21,700 ಹೋಯಿತು. ಉಳಿದ 6,300ರಲ್ಲಿ ಅಕ್ಕಿ, ಗ್ಯಾಸು, ಮಗಳ ಶಾಲೆಯ ವ್ಯಾನು. ಯಾರಿಗಾದರೂ ಜ್ವರ ಬಂದರೆ ಎಂಟನೆಯ ಸಾಲ.

ಇಷ್ಟು ಕಟ್ಟಿಯೂ ಸಾಲ ಕರಗುತ್ತಿದೆಯೇ? ಕಾರ್ಡನ್ನೇ ನೋಡಿ. ತಿಂಗಳಿಗೆ 3.5% ಬಡ್ಡಿ ಅಂದರೆ 3,500. ಬಡ್ಡಿಯ ಮೇಲೆ 18% ಜಿಎಸ್‌ಟಿ 630. ಕಟ್ಟಿದ 5,000ದಲ್ಲಿ ಅಸಲಿಗೆ ಹೋದದ್ದು ಬರೀ 870. ಬಾಕಿ ಇಟ್ಟುಕೊಂಡೇ ಅದೇ ಕಾರ್ಡನ್ನು ಮತ್ತೆ ಉಜ್ಜಿದರೆ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳೂ ಇಲ್ಲ, ಮೊದಲ ದಿನದಿಂದಲೇ ಮೀಟರ್ ಓಡುತ್ತದೆ. ಕೈಸಾಲಕ್ಕೆ ವರ್ಷಕ್ಕೆ 72,000ದಂತೆ ಮೂರು ವರ್ಷ ಕಟ್ಟಿದರೆ 2,16,000. ಅಸಲಿಗಿಂತ ಹೆಚ್ಚು ಕಟ್ಟಾಯಿತು, ಅಸಲು ಎರಡು ಲಕ್ಷ ಹಾಗೆಯೇ ಕೂತಿದೆ.

ಬಡ್ಡಿಯನ್ನು ಚಿಕ್ಕದಾಗಿ ತೋರಿಸುವ ಕಲೆ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ‘ಬರೀ 12%, ಫ್ಲ್ಯಾಟ್’ ಎಂದು ಕೊಡುವ ಎರಡು ವರ್ಷದ ಒಂದು ಲಕ್ಷದ ಸಾಲಕ್ಕೆ ನಿಜವಾದ ಬಡ್ಡಿ ವರ್ಷಕ್ಕೆ ಸುಮಾರು 21.5%. ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿಯನ್ನು ಪೂರ್ತಿ ಲಕ್ಷದ ಮೇಲೆಯೇ ಹಾಕಿರುತ್ತಾರೆ. ಸಂತೆ, ಮಾರುಕಟ್ಟೆಗಳಲ್ಲಿ ನಡೆಯುವ ಡೈಲಿ ಕಲೆಕ್ಷನ್ ಇನ್ನೂ ಜಾಣತನದ್ದು. ಹತ್ತು ಸಾವಿರ ಎಂದು ಬರೆಸಿಕೊಂಡು ಒಂಬತ್ತು ಸಾವಿರ ಕೈಗಿಡುತ್ತಾರೆ, ದಿನಕ್ಕೆ ನೂರರಂತೆ ನೂರು ದಿನ ವಸೂಲಿ. ಹೂವಿನ ವ್ಯಾಪಾರದ ಹೆಂಗಸಿಗೆ ‘ಸಾವಿರ ರೂಪಾಯಿ ಹೆಚ್ಚು ಕೊಟ್ಟೆ, ಅಷ್ಟೇ’ ಅನ್ನಿಸುತ್ತದೆ. ವರ್ಷದ ಲೆಕ್ಕಕ್ಕೆ ತಂದರೆ ಅದು 77%ಕ್ಕೂ ಮೇಲೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಪ್ರತಿ ಹೊಸ ಚಿಲ್ಲರೆ ಅವಧಿ ಸಾಲಕ್ಕೂ ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರವನ್ನು ಒಂದು ಹಾಳೆಯಲ್ಲಿ, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಲೇಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳಿ.

ಇನ್ನು, ಯಾರಿಗೆ ಮೊದಲು ಕಟ್ಟಬೇಕು? ನಮ್ಮ ದರ್ಜಿ ಕಟ್ಟುವುದು ಯಾರು ಜೋರಾಗಿ ಕೂಗುತ್ತಾರೋ ಅವರಿಗೆ. ಕೈಸಾಲದವರು ಅಂಗಡಿ ಮುಂದೆ ಬಂದು ನಿಲ್ಲುತ್ತಾರೆ, ಸಂಘದವರು ಮನೆ ಜಗಲಿಯ ಮೇಲೆ ಕೂರುತ್ತಾರೆ. ಬ್ಯಾಂಕು ಕೂಗುವುದಿಲ್ಲ, ಒಂದು ದಿನ ಒಡವೆ ಹರಾಜಿನ ನೋಟಿಸು ಕಳಿಸುತ್ತದೆ. ಕೂಗಿನ ಲೆಕ್ಕ ಬಿಟ್ಟು ಬಡ್ಡಿಯ ಲೆಕ್ಕ ಹಿಡಿಯಬೇಕು. ಹೊಟ್ಟೆಪಾಡಿಗೆ ಬೇಕಾದ ವಸ್ತು ಅಡವಿರುವ ಸಾಲದ ಕಂತು ತಪ್ಪದಂತೆ ನೋಡಿಕೊಂಡು, ಮಿಕ್ಕ ಪ್ರತಿ ರೂಪಾಯಿಯನ್ನೂ ಅತಿ ಹೆಚ್ಚು ಬಡ್ಡಿಯ ಸಾಲದ ಅಸಲಿಗೆ ಹೊಡೆಯಬೇಕು.

ಇಲ್ಲಿ ಒಡವೆಯ ಮಾತು ಬರುತ್ತದೆ. ಒಡವೆಗೆ ಇಂದಿನ ದರದಲ್ಲಿ ಎರಡೂವರೆ ಲಕ್ಷ ಬರುತ್ತದೆ ಎಂದಿಟ್ಟುಕೊಳ್ಳಿ. ಮಾರಿ, ಬ್ಯಾಂಕಿನ 1,20,000 ತೀರಿಸಿ, ಉಳಿದ 1,30,000ದಲ್ಲಿ ಕಾರ್ಡಿನ ಒಂದು ಲಕ್ಷ ತೀರಿಸಿ, ಮಿಕ್ಕ 30,000 ಕೈಸಾಲಕ್ಕೆ ಕಟ್ಟಿದರೆ ಕಾರ್ಡಿನ 5,000, ಕೈಸಾಲದ ಬಡ್ಡಿಯಲ್ಲಿ 900 ಸೇರಿ ತಿಂಗಳಿಗೆ 5,900 ರೂಪಾಯಿ ಕಟ್ಟುವುದು ತಪ್ಪುತ್ತದೆ. ಮನೆಯ ಖರ್ಚಿಗೆ ಉಳಿಯುತ್ತಿದ್ದ 6,300 ಒಮ್ಮೆಗೆ 12,200 ಆಗುತ್ತದೆ. ಆದರೆ ಆ ಒಡವೆ ಅವಳ ಸ್ತ್ರೀಧನ, ತೀರ್ಮಾನ ಅವಳದ್ದು. ಎಷ್ಟೋ ಮನೆಗಳಲ್ಲಿ ಸಾಲದ ಪೂರ್ತಿ ಮೊತ್ತ ಹೆಂಡತಿಗೆ ಗೊತ್ತಾಗುವುದೇ ಬಾಗಿಲಿಗೆ ಜನ ಬಂದ ದಿನ. ಹಾಳೆಯನ್ನು ಇಬ್ಬರೂ ಕೂತು ಬರೆದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಸಾಲ ತೀರಿಸಲು ಸಾಲ ಮಾಡಬಾರದು ಎನ್ನುವ ಹಿರಿಯರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 42%ರ ಕಾರ್ಡನ್ನು 10%ರ ಚಿನ್ನದ ಸಾಲದಿಂದ ತೀರಿಸಿ, ಆ ಕಾರ್ಡನ್ನು ಅಂದೇ ಕತ್ತರಿಸಿ ಹಾಕಿದರೆ ಅದು ಜಾಣತನ. ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಂಡರೆ ಆರು ತಿಂಗಳಲ್ಲಿ ಎರಡೂ ಸಾಲ ತಲೆಯ ಮೇಲಿರುತ್ತವೆ.

ಬಾಗಿಲಿಗೆ ಬಂದವರು

ಕಂತು ತಪ್ಪುತ್ತದೆ ಎಂದು ಗೊತ್ತಾದ ದಿನವೇ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ. ಫೋನಿನ ಮಾತು ಲೆಕ್ಕಕ್ಕಿಲ್ಲ. 90 ದಿನ ಬಾಕಿ ನಿಂತರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಅದಕ್ಕೆ ಮುಂಚೆ ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡುವ ಅವಕಾಶ ಮ್ಯಾನೇಜರಿಗೆ ಹೆಚ್ಚಾಗಿರುತ್ತದೆ. ಅಡಮಾನದ ಮನೆಯಾದರೆ ಸರ್ಫೇಸಿ ಕಾಯ್ದೆಯಡಿ ಮೊದಲು 60 ದಿನಗಳ ನೋಟಿಸು ಬರಬೇಕು. ಅದಕ್ಕೆ ನೀವು ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಕಾರಣ ಸಹಿತ ಉತ್ತರಿಸಬೇಕು. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ.

ತೀರಾ ಕಟ್ಟಲಾಗದಿದ್ದರೆ ರಾಜಿ ತೀರುವಳಿ ಉಂಟು, ಒನ್ ಟೈಮ್ ಸೆಟ್ಲ್‌ಮೆಂಟ್ ಎನ್ನುತ್ತಾರಲ್ಲ, ಅದು. ಲಕ್ಷಕ್ಕೆ ಅರವತ್ತೋ ಎಪ್ಪತ್ತೋ ಸಾವಿರಕ್ಕೆ ಮುಗಿಸಿಕೊಳ್ಳುವ ಮಾತು. ಮಾತಾಡಿ, ಆದರೆ ಪತ್ರ ಕೈಗೆ ಬರುವ ಮುನ್ನ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಸಿಬಿಲ್ ವರದಿಯಲ್ಲಿ ‘ಮುಕ್ತಾಯ’ ಎಂದು ಬರದೆ ‘ಸೆಟಲ್ಡ್’ ಎಂದು ಬರುತ್ತದೆ, ಮುಂದೆ ಕೆಲವು ವರ್ಷ ಹೊಸ ಸಾಲ ಹುಟ್ಟುವುದು ಕಷ್ಟ. ಸಾಲದಲ್ಲಿ ಮುಳುಗಿದವನಿಗೆ ಇದು ಶಾಪವೋ ವರವೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ವಸೂಲಿಗೆ ಬರುವವರಿಗೂ ಕಟ್ಟಳೆ ಇದೆ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಸ್ಪಷ್ಟ ಸುತ್ತೋಲೆ ಹೊರಡಿಸಿದೆ. ಬಂಧುಗಳಿಗೆ, ಸ್ನೇಹಿತರಿಗೆ ಫೋನ್ ಮಾಡಿ ಮಾನ ಕಳೆಯುವುದೂ ಅದರಲ್ಲಿ ನಿಷಿದ್ಧ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ, ವಕೀಲರೂ ಬೇಡ. ಮೈಕ್ರೋಫೈನಾನ್ಸ್ ಸಾಲಕ್ಕೆ 2022ರ ಏಪ್ರಿಲ್‌ನಿಂದ ಇನ್ನೊಂದು ಮಿತಿ ಇದೆ. ವರ್ಷದ ಆದಾಯ ಮೂರು ಲಕ್ಷದೊಳಗಿನ ಕುಟುಂಬದ ಎಲ್ಲ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಸಾಲ ಕೊಡಬಾರದು. ಇದು ಅಕ್ಷರಶಃ ಪಾಲನೆಯಾಗಿದ್ದರೆ ಒಂದೇ ಬೀದಿಯಲ್ಲಿ ಒಬ್ಬಳೇ ಹೆಂಗಸು ನಾಲ್ಕು ಸಂಘದ ಸದಸ್ಯೆಯಾಗುತ್ತಿರಲಿಲ್ಲ.

ಖಾಸಗಿ ಬಡ್ಡಿ ವ್ಯವಹಾರಕ್ಕೆ ನಮ್ಮ ರಾಜ್ಯದಲ್ಲಿ ಕಾಯ್ದೆಗಳ ಕೊರತೆಯೇನಿಲ್ಲ. 1961ರ ಲೇವಾದೇವಿಗಾರರ ಕಾಯ್ದೆಯ ಪ್ರಕಾರ ಪರವಾನಗಿ ಕಡ್ಡಾಯ. ಸರ್ಕಾರ ಗೊತ್ತುಮಾಡಿದ ಬಡ್ಡಿ ಅಡಮಾನವಿದ್ದರೆ ವರ್ಷಕ್ಕೆ 14%, ಇಲ್ಲದಿದ್ದರೆ 16%. ವಿಪರೀತ ಬಡ್ಡಿ ತಡೆಗೆ 2004ರ ಕಾಯ್ದೆ ಬೇರೆ. ಮಂಡಿಯವರ ‘ನೂರಕ್ಕೆ ಮೂರು’ ವರ್ಷಕ್ಕೆ 36%, ಎರಡು ಪಟ್ಟಿಗೂ ಹೆಚ್ಚು. ಮೈಕ್ರೋಫೈನಾನ್ಸ್ ಮತ್ತು ಸಣ್ಣ ಸಾಲದ ಬಲವಂತದ ವಸೂಲಿ ತಡೆಯಲು 2025ರ ಫೆಬ್ರುವರಿ 12ರಂದು ಬಂದ ಸುಗ್ರೀವಾಜ್ಞೆ ಮಾರ್ಚ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಸಾಲ ಕೊಡುವವರು ಜಿಲ್ಲಾಧಿಕಾರಿ ಬಳಿ ನೋಂದಾಯಿಸಿಕೊಳ್ಳಬೇಕು. ರಾಜ್ಯಪಾಲರು ಮೊದಲ ಕರಡನ್ನು ವಾಪಸು ಕಳಿಸಿದ್ದೂ ಶಿಕ್ಷೆಯ ಪ್ರಮಾಣದ ಬಗ್ಗೆ ಪ್ರಶ್ನೆ ಎತ್ತಿದ್ದೂ ನೆನಪಿರಬಹುದು. ಶಿಕ್ಷೆ ಎಷ್ಟೇ ದೊಡ್ಡದಿರಲಿ, ಠಾಣೆಯಲ್ಲಿ ದೂರು ಬರೆದುಕೊಳ್ಳುವ ಪೇದೆ ‘ತಗೊಂಡಿದ್ದೀಯ, ಕೊಡು ಮಾರಾಯ’ ಎಂದು ವಾಪಸು ಕಳಿಸಿದರೆ ಕಾಯ್ದೆ ಪುಸ್ತಕದಲ್ಲೇ ಉಳಿಯುತ್ತದೆ.

ಜೈಲು, ಜಪ್ತಿ, ಖಾಲಿ ಚೆಕ್ಕು

‘ಸಾಲ ತೀರಿಸದಿದ್ದರೆ ಜೈಲು’ ಎಂಬ ಬೆದರಿಕೆಯಲ್ಲಿ ಮುಕ್ಕಾಲು ಪಾಲು ಸುಳ್ಳು. ಸಿವಿಲ್ ಡಿಕ್ರಿಗೆ ಬಂಧಿಸಬೇಕಾದರೆ ಸಾಲಗಾರನಿಗೆ ಕೊಡುವ ಶಕ್ತಿಯಿದ್ದೂ ಬೇಕೆಂದೇ ಕೊಡುತ್ತಿಲ್ಲ ಎಂಬಂಥ ಕಾರಣ ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಬಡತನವೇ ಅಪರಾಧವಾಗಬಾರದು ಎಂಬ ನಿಲುವನ್ನು 1980ರಲ್ಲೇ ಸುಪ್ರೀಂ ಕೋರ್ಟ್ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ತಳೆದಿದೆ, ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ.

ಜಪ್ತಿಗೂ ಮಿತಿ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಓದಿದರೆ ಅದನ್ನು ಬರೆದವನು ಯಾವುದೋ ಬಡವನ ಮನೆಯೊಳಗೆ ಒಮ್ಮೆ ಸುತ್ತಿ ಬಂದಂತಿದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಲಾಗದ ಒಡವೆ, ಕುಶಲಕರ್ಮಿಯ ಉಪಕರಣ, ರೈತ ವಾಸವಿರುವ ಮನೆ, ಪಿಪಿಎಫ್, ಜೀವವಿಮೆಯ ಹಣ ಇವನ್ನೆಲ್ಲ ಮುಟ್ಟುವಂತಿಲ್ಲ. ನಮ್ಮ ದರ್ಜಿಯ ಹೊಲಿಗೆ ಯಂತ್ರಕ್ಕೂ ಈ ರಕ್ಷಣೆ ಕೇಳಬಹುದು. ಸಂಬಳದಾರರಾದರೆ ಮೊದಲ ಸಾವಿರ ಬಿಟ್ಟು ಉಳಿದದ್ದರ ಮೂರನೇ ಒಂದು ಪಾಲು ಮಾತ್ರ ಜಪ್ತಿಗೆ ಸಿಗುತ್ತದೆ. 25,000 ಸಂಬಳಕ್ಕೆ ಅದು 8,000.

ನಿಜವಾದ ಅಪಾಯ ಇರುವುದು ಸಾಲ ಕೊಡುವಾಗ ಬರೆಸಿಕೊಂಡ ಖಾಲಿ ಚೆಕ್ಕಿನಲ್ಲಿ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಪ್ರಕರಣ. ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ನೋಟಿಸು ಕೈಸೇರಿದ ಮೇಲೆ ಹಣ ಕೊಡಲು 15 ದಿನ ಅವಕಾಶವಿದೆ. ನೋಟಿಸನ್ನು ತೆಗೆದುಕೊಳ್ಳದೆ ವಾಪಸು ಕಳಿಸಿದರೆ ಪಾರಾದೆ ಎಂದುಕೊಳ್ಳುವವರು ಆ ಹದಿನೈದು ದಿನವನ್ನೂ ಕಳೆದುಕೊಳ್ಳುತ್ತಾರೆ. ಹಾಗೆಯೇ ಮೂರು ವರ್ಷ ತುಂಬುವ ಹೊತ್ತಿಗೆ ‘ಹಳೇ ನೋಟು ಹರಿದು ಹೊಸದು ಬರೆದುಕೊಡು’ ಎಂದು ಕೈಸಾಲದವರು ಬರುವುದು ಪ್ರೀತಿಯಿಂದಲ್ಲ. ಪ್ರೋ ನೋಟಿನ ಮೇಲೆ ದಾವೆ ಹೂಡಲು ಇರುವ ಕಾಲಮಿತಿ ಮೂರು ವರ್ಷ.

ಐಪಿ ಹಾಕಿದರೆ ಏನಾಗುತ್ತದೆ

ತಾಲ್ಲೂಕು ಕೋರ್ಟಿನ ವಕೀಲರ ಕೋಣೆಯಲ್ಲಿ ಇಂಥ ಮಾತು ಹೊಸದಲ್ಲ.

‘ಸರ್, ಒಂದ್ ಐಪಿ ಹಾಕಿ ಕೈ ತೊಳ್ಕೊಂಡ್ಬಿಡೋಣ ಅಂತ.’

‘ಹಾಕೋಣಪ್ಪ. ಮನೆ ಯಾರ ಹೆಸರಲ್ಲಿದೆ?’

‘ಹೋದ ತಿಂಗಳು ಹೆಂಡ್ತಿ ಹೆಸರಿಗೆ ದಾನಪತ್ರ ಮಾಡ್ಸಿದೀನಿ ಸರ್.’

‘ಹಂಗಾದ್ರೆ ಕೆಲ್ಸ ಕೆಡಿಸ್ಕೊಂಡೇ ಬಂದಿದೀಯ ಬಿಡು.’

ಯಾಕೆಂದರೆ ದಿವಾಳಿಗೆ ಹಿಂದಿನ ಎರಡು ವರ್ಷದಲ್ಲಿ ಪ್ರತಿಫಲವಿಲ್ಲದೆ ಮಾಡಿದ ವರ್ಗಾವಣೆಯನ್ನು ನ್ಯಾಯಾಲಯ ರದ್ದು ಮಾಡಬಹುದು. ಮೂರು ತಿಂಗಳೊಳಗೆ, ಸಾಲ ಕೊಟ್ಟವರಲ್ಲಿ ಒಬ್ಬನಿಗೆ ಮಾತ್ರ ಅನುಕೂಲವಾಗಲೆಂದು ಕೊಟ್ಟ ಹಣವೂ ಹಾಗೆಯೇ. ಮುಚ್ಚಿಟ್ಟರೆ, ಲೆಕ್ಕದ ಪುಸ್ತಕ ತಿದ್ದಿದರೆ ಒಂದು ವರ್ಷದವರೆಗೆ ಜೈಲು. ಐಪಿ ಎಂದರೆ ಇರುವುದನ್ನೆಲ್ಲ ಮುಚ್ಚುಮರೆಯಿಲ್ಲದೆ ಕೋರ್ಟಿನ ಮುಂದಿಡುವುದು. ಕೊಡಬೇಕಾದವರ ಪಟ್ಟಿ, ಮೊತ್ತ, ಆಸ್ತಿಯ ವಿವರ ಎಲ್ಲವೂ ಅರ್ಜಿಯಲ್ಲಿರಬೇಕು. ಕಟ್ಟಲು ಶಕ್ತನಲ್ಲ ಎಂದು ನ್ಯಾಯಾಲಯಕ್ಕೆ ಮನದಟ್ಟಾದರೆ ದಿವಾಳಿ ಎಂದು ಘೋಷಿಸುತ್ತದೆ. ಆ ಕ್ಷಣದಿಂದ ಆಸ್ತಿ ನ್ಯಾಯಾಲಯದ ಅಥವಾ ರಿಸೀವರ್ ಕೈಗೆ ಹೋಗುತ್ತದೆ. ಸಾಲ ಕೊಟ್ಟವರು ನ್ಯಾಯಾಲಯದ ಅನುಮತಿಯಿಲ್ಲದೆ ಬೇರೆ ದಾವೆ ಹೂಡುವಂತಿಲ್ಲ, ಸಾಲಗಾರ ಬಂಧನದಿಂದ ರಕ್ಷಣೆ ಕೋರಬಹುದು. 60ನೇ ಕಲಮಿನ ಪಾತ್ರೆ ಪಡಗ, ಉಪಕರಣ ನಿಮ್ಮಲ್ಲೇ ಉಳಿಯುತ್ತವೆ.

ಇದರಿಂದ ತಪ್ಪದ್ದು ಬಹಳ ಇದೆ. ಅಡಮಾನ ಇಟ್ಟುಕೊಂಡ ಬ್ಯಾಂಕು ತನ್ನ ಅಡವನ್ನು ಮಾರಿಕೊಳ್ಳುವುದನ್ನು ಐಪಿ ತಡೆಯುವುದಿಲ್ಲ. ಸರ್ಕಾರಕ್ಕೆ ಕೊಡಬೇಕಾದ ಬಾಕಿ, ವಂಚನೆಯಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಮನ್ನಾ ಆಗುವುದಿಲ್ಲ. ಚೆಕ್ ಬೌನ್ಸ್ ಪ್ರಕರಣ ತಾನಾಗಿ ನಿಲ್ಲುವುದಿಲ್ಲ. ನಂಬಿ ಜಾಮೀನು ಹಾಕಿದ ಭಾವಮೈದನ ಕುತ್ತಿಗೆಯೂ ಬಿಡುಗಡೆಯಾಗುವುದಿಲ್ಲ. ಬಿಡುಗಡೆ ಆದೇಶ ಸಿಗುವವರೆಗೆ ದಿವಾಳಿದಾರನೆಂದು ತಿಳಿಸದೆ ಐವತ್ತು ರೂಪಾಯಿ ಸಾಲ ಪಡೆದರೂ ಅಪರಾಧ. ಶಾಸಕನೋ ಸಂಸದನೋ ಆಗುವಂತಿಲ್ಲ.

ಬಿಡುಗಡೆಯೇ ದೊಡ್ಡ ಗಂಟು. ಘೋಷಣೆ ಆದೊಡನೆ ಸಾಲ ಹರಿಯಿತೆಂದು ಮನೆಗೆ ಹೋಗುವವರು ಬಹಳ. ಬಿಡುಗಡೆಗೆ ನ್ಯಾಯಾಲಯ ಗೊತ್ತುಮಾಡಿದ ಅವಧಿಯೊಳಗೆ ಮತ್ತೆ ಅರ್ಜಿ ಹಾಕಬೇಕು, ಹಾಕದಿದ್ದರೆ ಘೋಷಣೆಯೇ ರದ್ದಾಗುತ್ತದೆ. ಆಸ್ತಿ ರೂಪಾಯಿಗೆ ಎಂಟಾಣೆಯಷ್ಟೂ ಬಾರದಿದ್ದರೆ, ಅದು ತನ್ನ ತಪ್ಪಿನಿಂದಲ್ಲ ಎಂದು ತೋರಿಸದ ಹೊರತು ಪೂರ್ಣ ಬಿಡುಗಡೆ ಇಲ್ಲ. ರೂಪಾಯಿಗೆ ಎಂಟಾಣೆ ಇದ್ದವನು ಕೋರ್ಟಿಗೆ ಯಾಕೆ ಬರುತ್ತಿದ್ದ, ಹೇಳಿ.

2016ರ ದಿವಾಳಿ ಸಂಹಿತೆಯ ಮೂರನೇ ಭಾಗದಲ್ಲಿ ಇದಕ್ಕೆಲ್ಲ ಬದಲಿ ಬರೆದಿಟ್ಟಿದ್ದಾರೆ. ತೀರಾ ಬಡವರಿಗೆ ‘ಹೊಸ ಆರಂಭ’: ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ಮೀರದ, ಸ್ವಂತ ಮನೆಯಿಲ್ಲದವರ ಸಾಲ ಮನ್ನಾ. ಉಳಿದವರಿಗೆ ತೀರುವಳಿ ಯೋಜನೆ, ಅದು ಕುದುರದಿದ್ದರೆ ದಿವಾಳಿ, ಸಾಮಾನ್ಯವಾಗಿ ಒಂದು ವರ್ಷಕ್ಕೆ ಬಿಡುಗಡೆ. ಆದರೆ 2019ರ ಡಿಸೆಂಬರ್ 1ರಿಂದ ಈ ಭಾಗ ಜಾರಿಯಾಗಿರುವುದು ಕಂಪನಿ ಸಾಲಗಳಿಗೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. 2021ರಲ್ಲಿ ಸುಪ್ರೀಂ ಕೋರ್ಟ್ ಈ ಆಯ್ಕೆಯನ್ನು ಎತ್ತಿಹಿಡಿಯಿತು. ಜಾಮೀನು ನಿಂತ ಉದ್ಯಮಿಗೆ ಹೊಸ ಕಾಯ್ದೆ, ದರ್ಜಿಗೆ ಹಳೆಯದು. ಸಾಲ ಕೊಡುವ ಆ್ಯಪುಗಳು ಐದು ನಿಮಿಷದಲ್ಲಿ ಹಣ ಹಾಕುವ ಕಾಲದಲ್ಲಿ ಸಾಲದಿಂದ ಹೊರಬರುವ ದಾರಿಯನ್ನು 1920ರಲ್ಲೇ ನಿಲ್ಲಿಸಿಕೊಂಡಿರುವುದು ಸರ್ಕಾರದ ಹೊಣೆಗೇಡಿತನ. 35,000ದ ಮಿತಿಯನ್ನು ಇಂದಿನ ಬೆಲೆಗೆ ಏರಿಸಿ ಈ ಭಾಗವನ್ನು ಎಲ್ಲರಿಗೂ ಜಾರಿಗೊಳಿಸಲಿ.

ಅಲ್ಲಿಯವರೆಗೆ ಬಾಗಿಲು ತಟ್ಟಬಹುದಾದ ಜಾಗಗಳಿವೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಪ್ರತಿ ಜಿಲ್ಲೆಯಲ್ಲೂ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ, ಸಹಾಯವಾಣಿ 15100. ಅಲ್ಲಿಂದಲೇ ಲೋಕ ಅದಾಲತ್‌ಗೆ ಸಾಲದ ವ್ಯಾಜ್ಯ ಹಾಕಿಸಿ ಕಂತು ಮಾಡಿಸಿಕೊಳ್ಳಬಹುದು. ಸತ್ತವನ ಸಾಲಕ್ಕೆ ಜಾಮೀನು ನಿಲ್ಲದ ವಾರಸುದಾರರು ಅವನಿಂದ ಬಂದ ಆಸ್ತಿಯ ಮಿತಿಯಲ್ಲಷ್ಟೇ ಬಾಧ್ಯರು, ‘ಹೆಂಡ್ತಿ ಮಕ್ಕಳ ಹತ್ರ ವಸೂಲಿ ಮಾಡ್ತೀವಿ’ ಎಂಬ ಬೆದರಿಕೆಗೆ ಅದೇ ಉತ್ತರ. ಸಾಲದ ಚಿಂತೆಗೆ ರಾತ್ರಿ ನಿದ್ದೆ ಬಾರದೆ ಕೆಟ್ಟ ಯೋಚನೆ ಸುಳಿಯುತ್ತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.